ಹಿಂದಿನ ಸೀಟಿನವರು

ಚನ್ನಬಸವ್ವನ ಸೊಂಟ ಹಿಡಿದದ್ದು ವಯಸ್ಸಿನಿಂದಲ್ಲ, ಕಾರಿನಿಂದ. ಇದನ್ನು ಆಕೆ ಗಂಡನಿಗೆ ಹೇಳಿದಳು, ಮಗನಿಗೆ ಹೇಳಿದಳು, ಡಾಕ್ಟರ ಮುಂದೆಯೂ ಹೇಳಿದಳು. ಗಂಡ ತಪ್ಪನ್ನು ರಸ್ತೆಯ ಮೇಲೆ ಹಾಕಿದ, ಮಗ ಆಕೆ ಕೂಡುವ ರೀತಿಯ ಮೇಲೆ ಹಾಕಿದ, ಡಾಕ್ಟರು ಐವತ್ತು ದಾಟಿದ ಹೆಂಗಸರ ಎಲುಬಿನ ಮೇಲೆ ಹಾಕಿ ಸೊಂಟಕ್ಕೊಂದು ಬೆಲ್ಟು ಬರೆದುಕೊಟ್ಟರು. ಕಾರಿನ ಮೇಲೆ ಮಾತ್ರ ಯಾರೂ ಒಂದು ಮಾತು ಬರಗೊಡಲಿಲ್ಲ. ಆ ಮನೆಯಲ್ಲಿ ಮನುಷ್ಯರಿಗಿಂತ ಒಂದು ಕೈ ಹೆಚ್ಚಿನ ಮರ್ಯಾದೆ ಅದಕ್ಕಿತ್ತು.

ಮನೆ ಹುಬ್ಬಳ್ಳಿಯದು. ದುರ್ಗದಬೈಲಿನ ಸಂದಿಯೊಂದರಲ್ಲಿ ಸಿದ್ದಲಿಂಗಪ್ಪನ ಒಣಮೆಣಸಿನಕಾಯಿ ಅಂಗಡಿ. ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಮನೆ. ಅವನು, ಹೆಂಡತಿ ಚನ್ನಬಸವ್ವ, ಅಂಗಡಿಗೆ ಹೆಗಲು ಕೊಟ್ಟ ಮಗ ಗುರುಪಾದ, ಇಷ್ಟೇ ಜನ. ಮಗಳು ಉಮಾಶ್ರೀಯನ್ನು ಗರಗದ ಮಹಾದೇವಪ್ಪನ ಮನೆಗೆ ಕೊಟ್ಟು ಒಂದು ವರ್ಷವಾಗಿತ್ತು. ಕಾರು ಒಂದೇ, ಬಿಳಿಯ ಎಸ್ಟೀಮ್. ವಾರವಿಡೀ ಅದು ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಓಡಬೇಕು, ಹೆಬ್ಬಳ್ಳಿಯಲ್ಲಿದ್ದ ಚನ್ನಬಸವ್ವನ ತವರಿಗೆ ಓಡಬೇಕು, ನೆಂಟರ ಮದುವೆಗೂ ತೊಟ್ಟಿಲಿಗೂ ಮಣ್ಣಿಗೂ ಓಡಬೇಕು. ಭಾನುವಾರ ಬಂತೆಂದರೆ ಅದೇ ಕಾರು ಬೆಳಗಾವಿಯ ಆಚೆ ಯಾರೋ ಶ್ರೀಮಂತರು ಹೊಲದ ನಡುವೆ ಡಾಂಬರು ಹಾಕಿಸಿ ಮಾಡಿದ ಟ್ರ್ಯಾಕಿನ ಮೇಲೆ ಗುರುಪಾದನನ್ನು ಹೊತ್ತು ಗಿರಗಿರ ತಿರುಗಬೇಕು. ಯಾರು ಬೇಗ ಸುತ್ತು ಮುಗಿಸುತ್ತಾರೆಂದು ನೋಡಿ ನಂಬರು ಕೊಡುವ ಆಟ. ಗುರುಪಾದನಿಗೆ ಒಮ್ಮೆ ಮೂರನೆಯ ನಂಬರು ಸಿಕ್ಕಿತ್ತು. ಆವತ್ತು ಬಹುಮಾನಕ್ಕೆ ಕೊಟ್ಟ ಬಟ್ಟಲನ್ನು ದೇವರ ಜಗಲಿಯ ಪಕ್ಕದಲ್ಲೇ ಇಟ್ಟಿದ್ದರು, ಅದರ ಧೂಳು ಒರೆಸುವವಳು ಚನ್ನಬಸವ್ವ.

ಎರಡು ಸಾವಿರದ ಐದನೆಯ ಇಸವಿ, ಮುಂಗಾರು ಕಾಲಿಟ್ಟ ಹೊತ್ತಿಗೆ ಮನೆಯಲ್ಲಿ ಶಾಕಪ್ಪಿನ ಮಾತು ಶುರುವಾಯಿತು. ಗಾಲಿಯ ಮೇಲೆ ಕಾರಿನ ಭಾರ ಹೊತ್ತು ನಿಲ್ಲುವ ಸ್ಪ್ರಿಂಗು, ಅದರ ಹೊಟ್ಟೆಯೊಳಗೆ ಎಣ್ಣೆ ತುಂಬಿದ ನಳಿಗೆ, ಎರಡೂ ಸೇರಿದರೆ ಶಾಕಪ್. ಕಾರಿನ ಜೊತೆ ಬಂದದ್ದು ಟ್ರ್ಯಾಕಿನ ತಿರುವಿನಲ್ಲಿ ಹೊಯ್ದಾಡುತ್ತದೆ, ಅದನ್ನು ಬದಲಿಸದೆ ತನಗೆ ನಂಬರು ಬರುವುದಿಲ್ಲ ಎಂದು ಗುರುಪಾದ ಹಟ ಹಿಡಿದ. ಊಟಕ್ಕೆ ಕೂತಾಗ ಬೇರೆ ಮಾತೇ ಇಲ್ಲ. ರೊಟ್ಟಿಯ ಮೇಲೆ ಹಿಂಡಿ ಹಾಕಿಕೊಳ್ಳುವಾಗ ಶಾಕಪ್ಪು, ಮಜ್ಜಿಗೆ ಕುಡಿಯುವಾಗ ಶಾಕಪ್ಪು. ಬರೀ ಟ್ರ್ಯಾಕಿನದು ಹಾಕಿಸಿದರೆ ಕಾರು ಹಲಗೆಯಾಗುತ್ತದೆ, ಬ್ಯಾಡಗಿಗೆ ಹೋಗಿ ಬರುವುದರೊಳಗೆ ಹಲ್ಲು ಉದುರುತ್ತವೆ. ಹಾಗೆಂದು ಮೆತ್ತನೆಯದೇ ಇಟ್ಟುಕೊಂಡರೆ ಭಾನುವಾರ ಮರ್ಯಾದೆ ಹೋಗುತ್ತದೆ. ಕೊನೆಗೆ ಅವನ ಮನಸ್ಸು ನಿಂತದ್ದು ಪುಣೆಯಲ್ಲಿ ಸಿಗುವ ಮೂರನೆಯದರ ಮೇಲೆ. ಅದರಲ್ಲಿ ಗಟ್ಟಿ, ಮೆತ್ತಗೆ ಎರಡನ್ನೂ ಬೇಕಾದಾಗ ಬೇಕಾದ ಹಾಗೆ ಮಾಡಿಕೊಳ್ಳಬಹುದು. ಕಾರನ್ನು ನೆಲಕ್ಕೆ ಇಳಿಸಲೂಬಹುದು, ಎತ್ತಲೂಬಹುದು.

ಒಂದೇ ಸಾಮಾನು ಎರಡು ಕೆಲಸಕ್ಕೆ ಬರುತ್ತದೆ ಎಂದ ಕೂಡಲೆ ಸಿದ್ದಲಿಂಗಪ್ಪನ ವ್ಯಾಪಾರಿ ಬುದ್ಧಿ ಅರಳಿತು. ಅವನು ನಳಿಗೆಯ ದಪ್ಪ ಕೇಳಿದ, ಬಾಳಿಕೆ ಕೇಳಿದ, ಪುಣೆಯಿಂದ ಲಾರಿಯಲ್ಲಿ ಬರುತ್ತದೋ ರೈಲಿನಲ್ಲೋ ಎಂದು ಕೇಳಿದ. ರೊಟ್ಟಿ ಬಡಿಯುತ್ತಿದ್ದ ಚನ್ನಬಸವ್ವ ಕೇಳಿದ್ದು ಒಂದೇ ಮಾತು.

"ಹಿಂದ ಕುಂತವ್ರನ್ನ ಎತ್ತಿ ಒಗಿಯೂದಿಲ್ಲಲ್ಲೋ ಅದು?"

"ಏನೂ ಆಗೂದಿಲ್ಲ ಬಿಡಬೇ," ಎಂದ ಗುರುಪಾದ. "ಒಂದು ತಿರುಪು ಇರ್ತದ. ಇತ್ಲಾಗ ತಿರುವಿದ್ರ ಮನಿ ಗಾಡಿ, ಅತ್ಲಾಗ ತಿರುವಿದ್ರ ಟ್ರ್ಯಾಕಿನ ಗಾಡಿ. ಗಾದಿ ಮ್ಯಾಲೆ ಕುಂತಂಗ ಇರ್ತೀ ನೋಡು."

ಆಕೆ ನಂಬಿದಳು. ಹೆತ್ತ ಮಗ ಹೇಳಿದರೆ ನಂಬದೆ ಇನ್ನೇನು ಮಾಡಿಯಾಳು?

ಶ್ರಾವಣ ಕೂಡುವ ಮೊದಲೇ ಸಾಮಾನು ಬಂತು. ಹಳೆಯ ಹುಬ್ಬಳ್ಳಿಯ ಗುಲಾಬಸಾಬನ ಗ್ಯಾರೇಜಿನಲ್ಲಿ ಅದನ್ನು ಕೂಡಿಸಿದರು. ತಂದೆಯೂ ಅಂಗಡಿ ಬಿಟ್ಟು ಹೋಗಿ ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಸಂಜೆ ಅಪ್ಪ ಮಗ ಇಬ್ಬರೂ ನವನಗರದ ಕಡೆಯ ನುಣುಪು ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದರು. ಬರುವಾಗ ಬೀದಿಯಲ್ಲಿದ್ದವರೆಲ್ಲ ತಿರುಗಿ ನೋಡಿದರಂತೆ. ಕಾರು ಮೊದಲಿಗಿಂತ ನಾಲ್ಕು ಬೆರಳು ಕೆಳಗೆ ಕೂತಿತ್ತು. ಸಿದ್ದಲಿಂಗಪ್ಪ ಕಾಲು ತೊಳೆಯುತ್ತಲೇ, ರಸ್ತೆ ಬಿಗಿಯಾಗಿ ಹಿಡಿಯುತ್ತದೆ, ಒಂಚೂರೂ ಅಲುಗುವುದಿಲ್ಲ, ಛಲೋ ಸಾಮಾನು ಎಂದು ತೀರ್ಪು ಕೊಟ್ಟ. ಅವನು ಕೂತಿದ್ದು ಮುಂದಿನ ಸೀಟಿನಲ್ಲಿ. ಆ ಕಾರು ಮನೆಗೆ ಬಂದಾಗಿನಿಂದ ಅವನು ಬೇರೆ ಸೀಟಿನಲ್ಲಿ ಕೂತವನೇ ಅಲ್ಲ. ಗಂಡಸರು ಮುಂದೆ, ಹೆಂಗಸರು, ಗಂಟು, ಡಬ್ಬಿ, ಮಕ್ಕಳು ಹಿಂದೆ. ಹೀಗೇ ಎಂದು ಯಾರೂ ಬರೆದಿಟ್ಟಿಲ್ಲ. ಬರೆಯುವ ಅಗತ್ಯವೂ ಬಿದ್ದಿಲ್ಲ.

ಮುಂದಿನ ವಾರ ಹೆಬ್ಬಳ್ಳಿಯಲ್ಲಿ ಚನ್ನಬಸವ್ವನ ತಮ್ಮ ಹೊಸ ಮನೆ ಹೊಗುವ ಕಾರ್ಯ ಇಟ್ಟುಕೊಂಡಿದ್ದ. ಆಕೆ ಹಿಂದಿನ ದಿನವೇ ಗಟ್ಟಿ ಹಾಲಿಗೆ ಹೆಪ್ಪು ಹಾಕಿ ದೊಡ್ಡ ಗಡಿಗೆ ತುಂಬ ಕೆನೆಮೊಸರು ಮಾಡಿಟ್ಟಿದ್ದಳು. ಹಸಿರು ಇಳಕಲ್ ಸೀರೆ ಉಟ್ಟು, ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದ ಮನೆಯ ಸತ್ಯವ್ವನ ಜೊತೆ ಹಿಂದೆ ಕೂತಳು. ಧಾರವಾಡ ದಾಟುವವರೆಗೆ ಹೇಗೋ ನಡೆಯಿತು. ಹೆಬ್ಬಳ್ಳಿಯ ರಸ್ತೆ ಹಿಡಿದದ್ದೇ ತಡ, ಮೊದಲನೆಯ ತಗ್ಗಿಗೆ ಹಿಂದಿನ ಗಾಲಿ ಧಡ್ಡೆಂದು ಬಡಿಯಿತು. ಬಡಿದದ್ದು ಗಾಲಿಯಲ್ಲ, ತನ್ನ ಬೆನ್ನಮಣಿಯೇ ಅನ್ನಿಸಿತು ಆಕೆಗೆ. ಸತ್ಯವ್ವನ ತಲೆ ಕಾರಿನ ಛಾವಣಿಗೆ ತಾಗಿತು. ಗಡಿಗೆ ವಾಲಿ ಅರ್ಧ ಮೊಸರು ಸೀರೆಯ ಮೇಲೆ, ಇನ್ನಷ್ಟು ಅತ್ತಿತ್ತ ಚೆಲ್ಲಿತು.

ಗುರುಪಾದ ಕಾರು ನಿಲ್ಲಿಸಿ ಹಿಂದೆ ತಿರುಗಿದ. "ಸೀಟಿಗೆ ಬಿತ್ತೇನ?"

ಅವನು ಮೊದಲು ಕೇಳಿದ್ದು ಅದು. ಅವ್ವನಿಗೆ ಪೆಟ್ಟಾಯಿತೇ ಅಂತಲ್ಲ, ಸತ್ಯವ್ವನ ತಲೆಗೇನಾಯಿತು ಅಂತಲ್ಲ. ಸಿದ್ದಲಿಂಗಪ್ಪ ಮುಂದೆ ಕೂತಲ್ಲಿಂದಲೇ, ಗಡಿಗೆಯ ಬಾಯಿ ಗಟ್ಟಿಯಾಗಿ ಕಟ್ಟಬಾರದೇ ಎಂದು ಹೆಂಡತಿಗೆ ಬುದ್ಧಿ ಹೇಳಿದ. ಚನ್ನಬಸವ್ವ ತವರಿನ ಕಾರ್ಯಕ್ಕೆ ಮೊಸರಿನ ಸೀರೆಯಲ್ಲಿ ಇಳಿದು, ತಮ್ಮನ ಹೆಂಡತಿಯ ಸೀರೆ ಉಟ್ಟು ಆರತಿ ಹಿಡಿಯಬೇಕಾಯಿತು. ಆಕೆಯ ಮೈ ಉರಿದುಹೋಯಿತು.

ಅಲ್ಲಿಂದ ಮುಂದೆ ಸೊಂಟ ನೆಟ್ಟಗಾಗಲಿಲ್ಲ. ಎರಡು ಮೂರು ಸಲ ಬೇರೆ ಬೇರೆ ಊರಿಗೆ ಅದೇ ಸೀಟಿನಲ್ಲಿ ಹೋಗಿ ಬಂದ ಮೇಲಂತೂ ನೆಲದ ಮೇಲೆ ಕೂಡುವುದೇ ಆಗಲಿಲ್ಲ. ಒಲೆಯನ್ನು ಕಟ್ಟೆಯ ಮೇಲಿಟ್ಟು ನಿಂತೇ ರೊಟ್ಟಿ ಬಡಿದಳು. ನಿಂತು ಬಡಿದ ರೊಟ್ಟಿ ದಪ್ಪಗಾಗುತ್ತದೆ ಎಂದು ಗಂಡ ಗೊಣಗಿದ. ತೆಳ್ಳಗಿನದು ಬೇಕಾದರೆ ಖಾನಾವಳಿ ಹತ್ತಿರದಲ್ಲೇ ಇದೆ ಎಂದು ಆಕೆ ಬಾಗಿಲು ತೋರಿಸಿದಳು. ಬಟ್ಟೆ ಒಗೆಯಲು ಸತ್ಯವ್ವ ಬಂದು ನೆರವಾಗತೊಡಗಿದಳು. ಮನೆಯ ಗಂಡಸರು ಇದನ್ನೆಲ್ಲ ನೋಡಿದರು. ಆದರೆ ಸೊಂಟಕ್ಕೂ ಶಾಕಪ್ಪಿಗೂ ನಂಟು ಹಚ್ಚುವುದು ಅವರಿಗೆ ಸುತಾರಾಂ ಒಪ್ಪಿಗೆಯಿರಲಿಲ್ಲ.

ಆಕೆ ಕೇಳಿದಾಗಲೆಲ್ಲ ಗುರುಪಾದ ಡಿಕ್ಕಿ ತೆಗೆದು, ಕಂಬಳಿ ಸರಿಸಿ, ಒಳಗಿದ್ದ ತಿರುಪನ್ನು ಕಟಕಟ ಎನ್ನಿಸಿ ತಿರುವಿ ತೋರಿಸುತ್ತಿದ್ದ. ಇಕೋ, ಮೆತ್ತಗಾಯಿತು ಅನ್ನುತ್ತಿದ್ದ. ಮರುದಿನ ಕೂತರೆ ಮತ್ತೆ ಅದೇ ಧಡ್ಡು. ಇನ್ನೊಮ್ಮೆ ಹೇಳಿದರೆ ಮುಖ ಸಿಂಡರಿಸುತ್ತಿದ್ದ.

"ಅದು ನಿನ್ನ ಮನಸಿನ್ಯಾಗ ಐತಿ ಯವ್ವಾ. ಅಪ್ಪಾಜಿ ಎಂದಾದ್ರೂ ಒಂದು ಮಾತು ಅಂದಾರೇನು ನೋಡು."

"ನಿಮ್ಮ ಅಪ್ಪಾಜಿ ಹಿಂದ ಎಂದ ಕುಂತಾರೋ?"

"ಹಿಂದ ಕುಂತ್ರೇನು ಮುಂದ ಕುಂತ್ರೇನು, ಗಾಡಿ ಒಂದ ಅಲ್ಲೇನ?"

ಹೀಗೆಂದು ಹೊರಟುಹೋಗುವನು. ಕಾರಿನ ವಿಷಯ ಹೆಂಗಸರಿಗೇನು ತಿಳಿಯುತ್ತದೆ ಎಂಬ ಮಾತನ್ನು ಅವನು ಬಾಯಿಬಿಟ್ಟು ಆಡುತ್ತಿರಲಿಲ್ಲ. ಹಾಗೆ ಆಡಿದ್ದರೂ ಆಕೆಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ತನ್ನ ನೋವನ್ನು ತಾನೇ ಸುಳ್ಳು ಹುಟ್ಟಿಸಿದ್ದೇನೆ ಎನ್ನುವ ಹಾಗೆ ಎರಡು ಗಂಡು ಮುಖಗಳು ಸಮಾಧಾನದಿಂದ ತನ್ನ ಕಡೆ ನೋಡುತ್ತವಲ್ಲ, ಅದಕ್ಕೆ ಆಕೆ ಕುದಿಯುತ್ತಿದ್ದಳು.

ದಸರೆ ಮುಗಿಯುತ್ತಿದ್ದಂತೆ ಗರಗದಿಂದ ಫೋನು ಬಂತು. ಉಮಾಶ್ರೀಗೆ ಏಳು ತಿಂಗಳು ತುಂಬುತ್ತಿತ್ತು. ದೀಪಾವಳಿಯ ಹಿಂದಿನ ವಾರ ಕುಬಸದ ಕಾರ್ಯ ಗೊತ್ತು ಮಾಡಿದ್ದರು. ತವರಿನವರು ಹಸಿರು ಸೀರೆ, ಹಸಿರು ಬಳೆ, ಐದು ಬಗೆಯ ತಿನಿಸಿನ ಬುತ್ತಿ ಒಯ್ದು ಬಸುರಿಗೆ ಉಡಿ ತುಂಬಿ, ಚೊಚ್ಚಲ ಹೆರಿಗೆಗೆಂದು ಆವತ್ತೇ ಮಗಳನ್ನು ಕರೆತರಬೇಕು. ಆ ಸಂತೋಷದ ನಡುವೆಯೇ ಉಮಾಶ್ರೀ ಅವ್ವನಿಗೆ ಇನ್ನೊಂದು ಮಾತು ಹೇಳಿದಳು. ಧಾರವಾಡದ ಡಾಕ್ಟರು ಪರೀಕ್ಷೆ ಮಾಡಿ, ಮಾಸು ಕೆಳಗೆ ಕೂತಿದೆ, ಮೈ ಕುಲುಕಿದರೆ ರಕ್ತ ಹೋಗುವ ಭಯವಿದೆ, ಬಲು ಜೋಪಾನವಾಗಿರಬೇಕು ಅಂದಿದ್ದಾರಂತೆ. ಹುಬ್ಬಳ್ಳಿಗೆ ಬರುವುದು ಬೇಡವೆಂದಿಲ್ಲ, ಮೆಲ್ಲಗೆ ಹೋಗಿ ಅಂದಿದ್ದಾರೆ.

ಚನ್ನಬಸವ್ವ ಫೋನು ಇಟ್ಟಳು. ತನ್ನ ಸೊಂಟ ಹೋದರೆ ಹೋಗಲಿ. ಆ ಸೀಟಿನಲ್ಲಿ ಮಗಳು ಕೂತು, ಗರಗದ ರಸ್ತೆಯ ತಗ್ಗಿಗೆ ಅದು ಹಾಗೆ ಬಡಿದರೆ?

ಅಂದೇ ಊಟದ ಹೊತ್ತಿಗೆ ಗಂಡ ಮಗ ಇಬ್ಬರನ್ನೂ ಕೂಡಿಸಿ ಹೇಳಿದಳು. ಕುಬಸದೊಳಗೆ ಹಳೆಯ ಶಾಕಪ್ಪು ತಿರುಗಿ ಹಾಕಿಸಬೇಕು. ಗುರುಪಾದ ತಾಟಿನಿಂದ ತಲೆ ಎತ್ತದೆ, ಹಳೆಯದನ್ನು ಅಂದೇ ಯಾರಿಗೋ ಮಾರಿದೆ ಎಂದ. ಹಾಗಿದ್ದರೆ ಇದನ್ನೇ ಎತ್ತರಿಸು ಎಂದಳು. ಅದಕ್ಕೆ ಗಾಲಿ ಬಿಚ್ಚಬೇಕು, ಮತ್ತೆ ಗಾಲಿಗಳ ನೇರ ಹಿಡಿಸಬೇಕು. ಕುಬಸದ ಮರುದಿನ ಭಾನುವಾರ, ಟ್ರ್ಯಾಕಿನ ಮೇಲೆ ವರ್ಷದ ದೊಡ್ಡ ಸ್ಪರ್ಧೆ, ಕೂಡಿಸಿದ್ದನ್ನು ಈಗ ಕೆಡಿಸಲು ಸಾಧ್ಯವೇ ಇಲ್ಲ ಎಂದ ಅವನು.

"ನಾ ಹೂವಿನಂಗ ನಡಿಸ್ಕೊಂಡು ಬರ್ತೀನಿ. ತಂಗಿ ಮ್ಯಾಲೆ ನನಗ ಕಾಳಜಿ ಇಲ್ಲೇನು?"

"ಕಾಳಜಿ ಇದ್ರ ಗಾಲಿ ಬಿಚ್ಚು."

ಸಿದ್ದಲಿಂಗಪ್ಪ ನಡುವೆ ಬಾಯಿ ಹಾಕಿದ. ಹುಡುಗ ಮೆಲ್ಲಗೆ ನಡೆಸುತ್ತೇನೆ ಅನ್ನುತ್ತಿದ್ದಾನೆ, ಸೀಟಿಗೆ ಎರಡು ದಿಂಬು ಹಾಕಿದರಾಯಿತು, ಇಷ್ಟಕ್ಕೆ ಯಾಕೆ ರಂಪ ಮಾಡುವುದು ಎಂದ. ಬಾಡಿಗೆ ಗಾಡಿ ಮಾಡೋಣ ಎಂದು ಆಕೆ ಸೂಚಿಸಿದ್ದಕ್ಕೆ ಮಾತ್ರ ಅವನಿಗೆ ಸಿಟ್ಟೇ ಬಂತು. ಬಾಗಿಲಲ್ಲಿ ಸ್ವಂತ ಕಾರು ನಿಂತಿರುವಾಗ ಮಗಳನ್ನು ಬಾಡಿಗೆ ಗಾಡಿಯಲ್ಲಿ ಕರೆತಂದರೆ ಬೀಗರ ಮುಂದೆ ತನ್ನ ಮುಖ ಏನಾಗಬೇಕು? ದುರ್ಗದಬೈಲಿನ ಪೇಟೆಯಲ್ಲಿ ಮಾತಾಗುವುದಿಲ್ಲವೇ?

ಮರುದಿನ ಇಬ್ಬರೂ ಅಂಗಡಿಗೆ ಹೋದ ಮೇಲೆ ಚನ್ನಬಸವ್ವ ಸೊಂಟಕ್ಕೆ ಬೆಲ್ಟು ಬಿಗಿದು, ಆಟೋ ಹಿಡಿದು ನೇರವಾಗಿ ಗುಲಾಬಸಾಬನ ಗ್ಯಾರೇಜಿಗೆ ಹೋದಳು. ಗುಲಾಬಸಾಬ ಬಾಯಿತುಂಬ ಮಾತಿನ ಮನುಷ್ಯ. ತಾನು ಕೂಡಿಸಿದ ಸಾಮಾನಿನ ಹೊಗಳಿಕೆ ಕೇಳಲು ಸಾವುಕಾರರ ಮನೆಯವರೇ ಬಂದಿದ್ದಾರೆಂದು ಹಿಗ್ಗಿ, ಕುರ್ಚಿ ಒರೆಸಿ ಕೊಟ್ಟು, ಚಹಾ ತರಿಸಿದ. ಆಕೆ ತನ್ನ ಸೊಂಟದ ಕಥೆ ಹೇಳಿದ ಮೇಲೆ ಅವನ ಹಿಗ್ಗು ಇಳಿಯಿತು. ತಿರುಪು ತಿರುವಿದರೆ ಒಳಗಿನ ಎಣ್ಣೆ ಮಾತ್ರ ಸಡಿಲಾಗುತ್ತದೆ, ಕಾರು ಏಳುವುದಿಲ್ಲ ಎಂದ. ಹಿಂದಿನ ಗಾಲಿಗಳ ಕಡೆ ಅದನ್ನು ಪೂರಾ ಇಳಿಸಿ ಕೂಡಿಸಿದ್ದು, ಮೇಲೆ ಭಾರ ಬಿದ್ದರೆ ಸ್ಪ್ರಿಂಗಿಗೆ ಕುಗ್ಗಲು ಜಾಗವೇ ಇಲ್ಲ, ತಳಕ್ಕೆ ಹೋಗಿ ಹೊಡೆಯುತ್ತದೆ.

"ಹಂಗ್ಯಾಕ ಕೂಡಿಸ್ದಿಪಾ ಮತ್ತ?"

"ನಾ ಕೇಳೇ ಕೂಡ್ಸೀನ್ರಿ ಅವ್ವಾರ. ಇಳಿಸೂದಕ್ಕ ಮದಲ ಕೇಳಬೇಕಾಗತೈತಿ, ಹಿಂದ ಎಷ್ಟು ಮಂದಿ ಕೂಡ್ತಾರ ಅಂತ. ಹಿಂದ ಯಾರೂ ಕೂಡೂದಿಲ್ಲ, ಪೂರಾ ಇಳಿಸು ಅಂದ್ರು ಸಣ್ಣ ಸಾವ್ಕಾರ್ರು."

ಚನ್ನಬಸವ್ವ ಚಹಾದ ಬಟ್ಟಲು ಕೆಳಗಿಟ್ಟಳು. "ಅವರಪ್ಪ ಎಲ್ಲಿದ್ರು ಆಗ?"

"ಇಲ್ಲೇ ಇದ್ರಲ್ರಿ. ನೀವು ಕುಂತೀರಲ್ಲ, ಇದ ಕುರ್ಚಿ ಮ್ಯಾಲೆ."

"ಅವರೇನಂದ್ರು?"

ಗುಲಾಬಸಾಬ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದ. "ಹೂಂ ಅಂದ್ರು ರೀ," ಎಂದ.

ಆಕೆ ಮರಳಿ ಬರುವಾಗ ಆಟೋದ ಶಬ್ದವೂ ಕಿವಿಗೆ ಬೀಳಲಿಲ್ಲ. ಮೂವತ್ತು ವರ್ಷ ಆ ಮನೆಯಲ್ಲಿ ಬೇಯಿಸಿ ಹಾಕಿದವಳು ತಾನು. ಕಾರು ಬಂದಾಗಿನಿಂದ ಆ ಸೀಟಿನಲ್ಲಿ ಕೂತವಳು ತಾನು, ಮಗಳು, ಸತ್ಯವ್ವ, ತೀರಿಹೋದ ಅತ್ತೆ. ಮದುವೆಯ ದಿನ ಉಮಾಶ್ರೀ ಅಳುತ್ತ ಗಂಡನ ಮನೆಗೆ ಹೋದದ್ದೂ ಅದೇ ಸೀಟಿನಲ್ಲಿ. ಮರೆತಿದ್ದರೆ ಮರೆವು ಅನ್ನಬಹುದಿತ್ತು. ಇವರನ್ನು ಒಬ್ಬ ಮನುಷ್ಯ ಎದುರು ನಿಂತು ಕೇಳಿದ್ದಾನೆ, ಹಿಂದೆ ಯಾರು ಕೂಡುತ್ತಾರೆ ಎಂದು. ಕೇಳಿದ ಮೇಲೂ ಮಗ ಯಾರೂ ಇಲ್ಲ ಅಂದ, ಗಂಡ ಹೂಂ ಅಂದ. ಆಕೆಗೆ ಅಳು ಬರಲಿಲ್ಲ. ಇಷ್ಟು ದಿನ ನೋವು ಹೇಳಿಕೊಂಡು ಇವರ ಮುಂದೆ ಗೋಗರೆದೆನಲ್ಲ ಎಂದು ತನ್ನ ಮೇಲೆಯೇ ರೇಗಿತು.

ಸಂಜೆ ಇಬ್ಬರಿಗೂ ಬಡಿಸಿದ ಮೇಲೆ ಕೇಳಿದಳು. ಗುರುಪಾದ ಕೆಂಪಗಾದ. ಅದು ಟ್ರ್ಯಾಕಿನ ಲೆಕ್ಕಕ್ಕೆ ಹೇಳಿದ್ದು, ಭಾನುವಾರ ಹಿಂದೆ ಯಾರೂ ಇರುವುದಿಲ್ಲವಲ್ಲ ಎಂದು ತಡವರಿಸಿದ. ಉಳಿದ ಆರು ದಿನದ ಲೆಕ್ಕ ಯಾರು ಹೇಳಬೇಕಿತ್ತು ಎಂದು ಆಕೆ ಕೇಳಿದಳು. ಸಿದ್ದಲಿಂಗಪ್ಪ, ಮಾತಿಗೆ ಮಾತು ಬಂತು, ಹೂಂ ಅಂದೆ, ಅದನ್ನು ಇಷ್ಟು ಹಿಗ್ಗಿಸುವುದೇ ಎಂದ.

"ಒಂದ ಮಾತು ಹೇಳ್ತೀನಿ ಕೇಳ್ರಿ," ಎಂದಳು ಚನ್ನಬಸವ್ವ. "ಆ ಗಾಡ್ಯಾಗ ನನ್ನ ಮಗಳು ಕೂಡೂದಿಲ್ಲ. ನಾನೂ ಕೂಡೂದಿಲ್ಲ."

"ಬೀಗರ ಮುಂದ ನನ್ನ ಮಾನ ಕಳೀಬ್ಯಾಡ."

"ನಿಮ್ಮ ಮಾನ ಹಿಂದಿನ ಸೀಟಿನ್ಯಾಗ ಐತಿ ಅಂತ ನನಗ ಗೊತ್ತ ಇರಲಿಲ್ಲ ಬಿಡ್ರಿ."

ಅವರಿಬ್ಬರೂ ಇದನ್ನು ಸಿಟ್ಟಿನ ಮಾತೆಂದುಕೊಂಡರು. ನಾಲ್ಕು ದಿನ ಕಳೆದರೆ ಇಳಿಯುತ್ತದೆ ಎಂದು ಲೆಕ್ಕ ಹಾಕಿದರು. ಆಕೆಯೂ ಮತ್ತೆ ಆ ಮಾತು ಎತ್ತಲಿಲ್ಲ. ಸತ್ಯವ್ವನನ್ನು ಕರೆದುಕೊಂಡು ಶೇಂಗಾ ಹೋಳಿಗೆ ಮಾಡಿದಳು, ಎಳ್ಳಿನ ಹೋಳಿಗೆ ಮಾಡಿದಳು, ಕರ್ಚಿಕಾಯಿ ಕರಿದಳು, ಕಡಕ್ ರೊಟ್ಟಿ ಸುಟ್ಟು ಡಬ್ಬಿ ತುಂಬಿದಳು. ನಿಂತು ನಿಂತು ಕಾಲು ಬಾತವು.

ಕುಬಸದ ದಿನ ಬೆಳಿಗ್ಗೆ ಗುರುಪಾದ ಕಾರು ಒರೆಸಿ, ಹಿಂದಿನ ಸೀಟಿಗೆ ದಿಂಬು ಹಾಕಿ ಬಾಗಿಲಿಗೆ ತಂದು ನಿಲ್ಲಿಸುವ ಹೊತ್ತಿಗೆ, ಅದಾಗಲೇ ಅಲ್ಲಿ ಕುಬೇರಪ್ಪನ ಹಳೆಯ ಅಂಬಾಸಡರ್ ನಿಂತಿತ್ತು. ಸ್ಟೇಶನ್ನಿನ ಮುಂದೆ ಬಾಡಿಗೆಗೆ ನಿಲ್ಲುವ ಗಾಡಿ. ಬಣ್ಣ ಹೋಗಿತ್ತು, ಆದರೆ ಸೀಟು ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಬುತ್ತಿಯ ಬುಟ್ಟಿಗಳು ಅದರೊಳಗೆ ಹೋದವು. ಸತ್ಯವ್ವ ಮತ್ತು ಓಣಿಯ ಇನ್ನಿಬ್ಬರು ಮುತ್ತೈದೆಯರು ಹಿಂದೆ ಕೂತರು, ಚನ್ನಬಸವ್ವ ಕುಬೇರಪ್ಪನ ಪಕ್ಕದ ಬಾಗಿಲು ತೆಗೆದು ಕೂತಳು. ಓಣಿಯವರ ಮುಂದೆ ಜಗಳ ತೆಗೆಯುವ ಧೈರ್ಯ ಸಿದ್ದಲಿಂಗಪ್ಪನಿಗಿರಲಿಲ್ಲ. ಅಪ್ಪ ಮಗ ಎಸ್ಟೀಮಿನ ಮುಂದಿನ ಎರಡು ಸೀಟಿನಲ್ಲಿ ಕೂತು, ಖಾಲಿ ದಿಂಬು ಹೊತ್ತುಕೊಂಡು ಹಿಂದೆ ಬಂದರು.

ಗರಗದಲ್ಲಿ ಕಾರ್ಯ ಚೆಂದವಾಯಿತು. ಉಮಾಶ್ರೀಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ, ಹೆಂಗಸರು ಹಾಡು ಹೇಳಿದರು. ಮಗಳ ಮುಖ ತುಸು ಬಿಳಿಚಿತ್ತು. ಆಕೆ ಅವ್ವನ ಕೈ ಬಿಡಲೇ ಇಲ್ಲ. ಊಟ ಮುಗಿದು ಹೊರಡುವ ಹೊತ್ತಿಗೆ ಸಿದ್ದಲಿಂಗಪ್ಪ ಬೀಗರೆಲ್ಲರ ಎದುರಿಗೆ ತಾನೇ ಹೋಗಿ ಎಸ್ಟೀಮಿನ ಹಿಂದಿನ ಬಾಗಿಲು ತೆಗೆದು, ದಿಂಬು ಸರಿಮಾಡಿ, ಬಾರವ್ವಾ ಎಂದು ಮಗಳನ್ನು ಕರೆದ. ಇಷ್ಟು ಜನರ ಮುಂದೆ ಹೆಂಡತಿ ಏನೂ ಮಾಡಲಾರಳು ಎಂಬ ಎಣಿಕೆ ಅವನದು.

ಉಮಾಶ್ರೀ ಒಂದು ಹೆಜ್ಜೆ ಇಟ್ಟಳು. ಚನ್ನಬಸವ್ವ ಆಕೆಯ ರಟ್ಟೆ ಹಿಡಿದು ಅಂಬಾಸಡರಿನ ಕಡೆ ತಿರುಗಿಸಿದಳು. ಬೀಗ ಮಹಾದೇವಪ್ಪ, ಮನೆಯ ಗಾಡಿ ಇರುವಾಗ ಅದ್ಯಾಕ್ರಿ ಎಂದು ಸಹಜವಾಗಿಯೇ ಕೇಳಿದ.

"ಆ ಗಾಡ್ಯಾಗ ಹಿಂದ ಯಾರೂ ಕೂಡೂದಿಲ್ರಿ ಬೀಗರ," ಎಂದಳು ಆಕೆ. "ನಮ್ಮ ಮನ್ಯಾಗ ಹಂಗಂತ ಗೊತ್ತ ಮಾಡ್ಯಾರ್ರಿ."

ಮಹಾದೇವಪ್ಪನ ಹೆಂಡತಿ ದ್ರಾಕ್ಷಾಯಿಣಿ ಏನೋ ತಿಳಿದವಳಂತೆ ಮುಂದೆ ಬಂದು, ಬಸುರಿ ಎಲ್ಲಿ ಸುಖವಾಗಿ ಕೂಡುತ್ತಾಳೋ ಅಲ್ಲಿ ಕೂಡಲಿ ಎಂದು ಸೊಸೆಯನ್ನು ಅಂಬಾಸಡರಿಗೆ ಹತ್ತಿಸಿದಳು. ಸಿದ್ದಲಿಂಗಪ್ಪ ತೆರೆದ ಬಾಗಿಲು ಹಿಡಿದುಕೊಂಡು ನಿಂತೇ ಇದ್ದ. ಅವನ ಮುಜುಗರ ಕಂಡು ಮಹಾದೇವಪ್ಪನಿಗೆ ಅಯ್ಯೋ ಅನ್ನಿಸಿರಬೇಕು. ಬೀಗರ ಗಾಡಿ ಖಾಲಿ ಹೋಗಬಾರದು, ನನಗೂ ಹುಬ್ಬಳ್ಳಿಯಲ್ಲಿ ಕೆಲಸವಿದೆ, ನಿಮ್ಮ ಜೊತೆಗೇ ಬರುತ್ತೇನೆ ಎಂದ. ಎರಡು ಚೀಲ ಹೊಸ ಹೆಸರುಕಾಳನ್ನೂ ಡಿಕ್ಕಿಯಲ್ಲಿ ಹಾಕಿಸಿದ. ಮಗಳನ್ನು ಕೊಟ್ಟ ಮನೆಯ ಹಿರಿಯನನ್ನು ಹಿಂದೆ ಕೂಡಿಸಲು ಬರುತ್ತದೆಯೇ? ಸಿದ್ದಲಿಂಗಪ್ಪ ಮುಂದಿನ ಬಾಗಿಲು ತೆಗೆದು ಬೀಗನನ್ನು ಕೂಡಿಸಿದ. ಆಮೇಲೆ ಇನ್ನೊಂದು ಗಳಿಗೆ ನಿಂತು, ತಾನು ಹಿಂದೆ ಹತ್ತಿದ.

ಚನ್ನಬಸವ್ವ ಅಂಬಾಸಡರಿನಲ್ಲಿ ಮಗಳ ತಲೆಯನ್ನು ತನ್ನ ಭುಜಕ್ಕೆ ಆನಿಸಿಕೊಂಡು ಕೂತಿದ್ದಳು. ಸತ್ಯವ್ವ ಮುತ್ತೈದೆಯೊಬ್ಬಳ ಜೊತೆ ಮುಂದಿನ ಸೀಟಿಗೆ ಹೋಗಿದ್ದಳು. ಮಳೆಗಾಲ ಕಳೆದ ರಸ್ತೆಯಲ್ಲಿ ತಗ್ಗುಗಳಿಗೆ ಬರವೇ ಇರಲಿಲ್ಲ. ಕುಬೇರಪ್ಪ ಪ್ರತಿಯೊಂದನ್ನೂ ಇಳಿಸಿ ಹತ್ತಿಸುತ್ತ, ಬೀಡಿಯನ್ನೂ ಸೇದದೆ ಮೆಲ್ಲಗೆ ನಡೆಸಿದ. ಉಮಾಶ್ರೀಗೆ ಜೊಂಪು ಹತ್ತಿತು. ಚನ್ನಬಸವ್ವ ಒಮ್ಮೆ ಹಿಂದಿನ ಗಾಜಿನಲ್ಲಿ ನೋಡಿದಳು. ಎಸ್ಟೀಮಿನ ಹಿಂಭಾಗ ನೆಲಕ್ಕೆ ಕುಸಿದು, ಮೂತಿ ಮೇಲಾಗಿತ್ತು. ಒಳಗೆ ಗಂಡನ ಬಿಳಿಯ ಟೊಪ್ಪಿಗೆ ಮೇಲೆದ್ದು ಕೆಳಗಿಳಿಯುತ್ತಿತ್ತು. ನರೇಂದ್ರ ಬರುವ ಹೊತ್ತಿಗೆ ಟೊಪ್ಪಿಗೆ ಕಾಣಲಿಲ್ಲ, ಎರಡು ಕೈ ಮೇಲಿನ ಹಿಡಿಕೆಗೆ ಜೋತುಬಿದ್ದದ್ದು ಕಂಡಿತು. ಗುರುಪಾದ ಹೂವಿನ ಹಾಗೆಯೇ ನಡೆಸುತ್ತಿದ್ದ. ಅವನು ಆ ಮಾತಿಗೆ ತಪ್ಪಿರಲಿಲ್ಲ.

ಉಮಾಶ್ರೀ ತನ್ನ ಕಾಲ ಮೇಲೆ ತಾನು ಇಳಿದು ತವರಿನ ಹೊಸ್ತಿಲ ಮುಂದೆ ನಿಂತಳು. ಚನ್ನಬಸವ್ವ ನೀರು ನಿವಾಳಿಸಿ, ಆರತಿ ಎತ್ತಿ, ಮಗಳನ್ನು ಒಳಗೆ ಕರೆದೊಯ್ದು ಮಂಚದ ಮೇಲೆ ಮಲಗಿಸಿದಳು. ಹೊಟ್ಟೆಯಲ್ಲಿ ಮಗು ಹೊರಳುತ್ತಿದೆ, ನೋವೇನೂ ಇಲ್ಲ ಎಂದು ಮಗಳ ಬಾಯಿಂದಲೇ ಕೇಳಿದ ಮೇಲೆ ಆಕೆಯ ಉಸಿರು ಹಗುರಾಯಿತು.

ಎಸ್ಟೀಮು ಬೀಗನನ್ನು ಅವನ ಕೆಲಸದ ಕಡೆ ಇಳಿಸಿ ತಡವಾಗಿ ಬಂತು. ಸಿದ್ದಲಿಂಗಪ್ಪ ಇಳಿದ ಪರಿ ನೋಡಬೇಕು. ಮೊದಲು ಒಂದು ಕಾಲು ಹೊರಗೆ ಬಂತು. ಆಮೇಲೆ ಬಾಗಿಲು ಹಿಡಿದ ಕೈ ಬಂತು. ಮನುಷ್ಯ ಹೊರಗೆ ಬಂದರೂ ನೆಟ್ಟಗಾಗಲಿಲ್ಲ, ಬಗ್ಗಿಕೊಂಡೇ ಕಟ್ಟೆಯವರೆಗೆ ಬಂದು ಕಂಬ ಹಿಡಿದ. ಚನ್ನಬಸವ್ವ ಬಾಗಿಲಲ್ಲಿ ನಿಂತಿದ್ದಳು. ಅವನು ಆಕೆಯ ಕಡೆ ನೋಡಲಿಲ್ಲ, ಮಗನ ಕಡೆ ತಿರುಗಿದ.

"ಗುರುಪಾದ, ಈಗಿಂದೀಗ ಗುಲಾಬಸಾಬನ ಕಡೆ ಹೋಗಿ ಗಾಡಿ ಎತ್ತಿಸ್ಕೊಂಡ ಬಾ. ಖರೇನ ಹೊಡಿತೈತಿ ಅದು. ಹಿಂದ ಮನುಷ್ಯಾರು ಕೂಡಾಕ ಆಗೂದಿಲ್ಲ."

"ಆತ್ರಿ ಅಪ್ಪಾಜಿ," ಎಂದ ಗುರುಪಾದ.

ಅಷ್ಟೇ. ನಾಳೆಯ ಸ್ಪರ್ಧೆಯ ಮಾತಿಲ್ಲ, ಗಾಲಿ ಬಿಚ್ಚಬೇಕೆಂಬ ತಕರಾರಿಲ್ಲ, ಮನಸ್ಸಿನಲ್ಲಿ ಹುಟ್ಟಿದ ನೋವೆಂಬ ಮಾತಂತೂ ಇಲ್ಲವೇ ಇಲ್ಲ. ಅಪ್ಪ ಒಂದು ಸಲ ಅಂದದ್ದಕ್ಕೆ ಕಾರಿನ ಕೀಲಿ ಮತ್ತೆ ಅವನ ಕೈಗೆ ಬಂತು. ಇಷ್ಟು ಸುಲಭವಿತ್ತು ಅದು. ಚನ್ನಬಸವ್ವನಿಗೆ ಗೆದ್ದ ಸಂತೋಷ ಆಗಬೇಕಿತ್ತು. ಆಗಲಿಲ್ಲ. ಇಷ್ಟು ತಿಂಗಳಲ್ಲಿ ಬಂದಿರದಷ್ಟು ಸಿಟ್ಟು ಈಗ ಬಂತು. ಒಳಗೆ ಮಗಳು ಮಲಗಿದ್ದಾಳೆಂದು ದನಿ ತಗ್ಗಿಸಿದಳು.

"ಶ್ರಾವಣದಿಂದ ನಾ ಹೇಳೂಮಟ ಅದು ಸುಳ್ಳಾಗಿತ್ತು. ಇವತ್ತ ನಿಮ್ಮ ಸೊಂಟ ಹೇಳಿದ ಮ್ಯಾಲೆ ಖರೇ ಆತೇನ್ರಿ?"

ಸಿದ್ದಲಿಂಗಪ್ಪ ಕಂಬ ಹಿಡಿದವನು ಹಿಡಿದಂತೆಯೇ ನಿಂತ. ಕಾರಿನ ಬಾಗಿಲಿಗೆ ಕೈ ಹಚ್ಚಿದ್ದ ಗುರುಪಾದನೂ ನಿಂತ. ಆಕೆ ಮಗಳಿಗೆ ಹಾಲು ಕಾಸಲು ಒಳಗೆ ಹೋದಳು.